ನಷ್ಟಕ್ಕೆ ಮಾರದವರು

ಹನ್ನೊಂದಕ್ಕೆ ಮನೆ ನೋಡಲು ಜನ ಬರುವವರಿದ್ದರು. ಹತ್ತೂವರೆಗೆ ಮಾಳವಿಕಾ ಒಲೆಯ ಮೇಲೆ ಒಗ್ಗರಣೆ ಸೌಟಿಟ್ಟಳು. ಎಣ್ಣೆ ಕಾಯುವಷ್ಟು ಹೊತ್ತು ಕಿಟಕಿಯಾಚೆ ನೋಡುತ್ತ ನಿಂತಳು. ತೊಂಬತ್ತನಾಲ್ಕರ ಅಕ್ಟೋಬರ್ ಕೊನೆಯ ಶನಿವಾರ. ಪಶ್ಚಿಮ ಲಂಡನ್ನಿನ ಗ್ರೀನ್‌ಫರ್ಡ್‌ನ ಸಾಲುಮನೆಗಳ ಮೇಲೆ ಮಂಕು ಆಕಾಶ. ಎದುರು ಮನೆಯವನು ಕಾರಿನ ಬಾನೆಟ್ ಎತ್ತಿ, ಒಳಗೆ ತಲೆಯಿಟ್ಟು, ತನ್ನಷ್ಟಕ್ಕೆ ಏನೋ ಬೈದುಕೊಳ್ಳುತ್ತಿದ್ದ. ಸಾಸಿವೆ ಸಿಡಿಯಿತು. ಒಣಮೆಣಸಿನಕಾಯಿ ಕಪ್ಪಗಾಗುವವರೆಗೂ ಬಿಟ್ಟಳು. ಆಮೇಲೆ ಇಂಗು, ಸಾರಿಗೆ ಬೇಕಾದ್ದಕ್ಕಿಂತ ಹೆಚ್ಚು, ತನ್ನ ಮೂಗಿಗೇ ಅತಿಯಾಗುವಷ್ಟು. ಘಾಟು ಅಡುಗೆಮನೆ ದಾಟಿ, ಹಾಲಿನ ಪರದೆಗಳನ್ನು ಹಿಡಿದು, ಬಾಗಿಲ ಹಿಂದೆ ನೇತುಹಾಕಿದ ಕೋಟುಗಳೊಳಗೆ ಇಳಿಯಿತು. ಮನೆ ಮಾರಿಸಿಕೊಡುವ ಎಸ್ಟೇಟ್ ಏಜೆಂಟ್ ಕೀತ್ ಮೊದಲ ಸಲ ಈ ಫ್ಲ್ಯಾಟ್ ಅಳೆಯಲು ಬಂದಾಗ, ಟೇಪು ಸುತ್ತುತ್ತ, ಅವಳ ಮುಖ ನೋಡದೆ ಹೇಳಿದ್ದ: ಜನ ಬರುವ ದಿನ ಅಡುಗೆ ಮಾಡದಿದ್ದರೆ ಒಳ್ಳೆಯದು, ಬೇಕಾದರೆ ಕಾಫಿ ಕಾಯಿಸಿಡಿ, ಕೊಳ್ಳುವವರಿಗೆ ಕಾಫಿ ವಾಸನೆ ಹಿಡಿಸುತ್ತದೆ. ನಡುವಯಸ್ಸಿನ ಒಳ್ಳೆಯ ಮನುಷ್ಯ, ನೋಯಿಸಲೆಂದು ಹೇಳಿದ್ದಲ್ಲ. ಆದರೂ ಅವನು ಹೋದಮೇಲೆ ಅವಳು ತನ್ನ ಸ್ವೆಟರಿನ ತೋಳನ್ನು ಮೂಗಿಗೆ ಹಿಡಿದು ನೋಡಿಕೊಂಡಿದ್ದಳು. ಇಷ್ಟು ವರ್ಷ ಬಸ್ಸಿನಲ್ಲಿ, ಲಿಫ್ಟಿನಲ್ಲಿ ತನ್ನ ಪಕ್ಕ ನಿಂತವರನ್ನೆಲ್ಲ ನೆನೆಸಿಕೊಂಡು ಕಿವಿಯವರೆಗೂ ಬಿಸಿಯಾಗಿದ್ದಳು. ಮನೆಯ ಪರದೆಗಳನ್ನೆಲ್ಲ ಇಳಿಸಿ ಒಗೆದು ಹಾಕಿದ್ದಳು. ಆ ಅವಮಾನ ಉಪಯೋಗಕ್ಕೂ ಬರುತ್ತದೆಂದು ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಒಂದು ದಿನ ಮರೆತು ಒಗ್ಗರಣೆ ಹಾಕಿದ್ದಳು, ಬಂದವರು ಮೂಗಿನ ಹತ್ತಿರ ಬೆರಳು ಒಯ್ದು, ನಗುನಗುತ್ತಲೇ ಐದು ನಿಮಿಷದಲ್ಲಿ ಹೊರಟುಹೋಗಿದ್ದರು. ಅವತ್ತು ಅವಳಿಗೆ ಆದ ಸಮಾಧಾನಕ್ಕೆ ಅವಳೇ ಹೆದರಿದ್ದಳು. ಈ ಮನೆ ಮಾರಾಟವಾಗಬಾರದು ಎಂಬುದು ತನ್ನ ಬಯಕೆ ಎಂದು ಅವಳು ತನಗೆ ತಾನೂ ಅಷ್ಟು ಬಿಡಿಸಿ ಹೇಳಿಕೊಂಡಿರಲಿಲ್ಲ.

ಹಾಲಿನಲ್ಲಿ ಕಸ ಹೀರುವ ಹೂವರ್ ಯಂತ್ರದ ಸದ್ದು ನಿಂತಿತು. ಗಂಡ ಸತ್ಯಪ್ರಕಾಶ ಬರಿಗಾಲಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವಳ ಭುಜದ ಮೇಲಿಂದ ಕೈ ಚಾಚಿ ಕಿಟಕಿ ತೆರೆದ. ಆ ಕೈ ಅವಳನ್ನು ಮುಟ್ಟಲಿಲ್ಲ. ಮುಟ್ಟದಿರಲು ಅದು ಸ್ವಲ್ಪ ಸುತ್ತುಬಳಸಿ ಹೋಯಿತು ಎನ್ನುವುದನ್ನು ಅವಳು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಪಕ್ಕಕ್ಕಿಟ್ಟಳು. ಸಾರಿಗೇನು ಎಂದು ಕೇಳಿದ. ಹೌದೆಂದಳು. ಹೊರಟುಹೋದ. ಬೈಯಲಿಲ್ಲ, ಜನ ಬರುವ ಹೊತ್ತಿಗೆ ಇದೇನು ಎನ್ನಲಿಲ್ಲ. ಬೈಯಲಿಲ್ಲ ಎನ್ನುವುದನ್ನು ಮಾತ್ರ ಅವಳು ಮನಸ್ಸಿನಲ್ಲಿ ಭದ್ರವಾಗಿ ಎತ್ತಿಟ್ಟುಕೊಂಡಳು.

ಹೋದ ವರ್ಷ ಫೆಬ್ರವರಿಯ ಒಂದು ಭಾನುವಾರ ಅವನು ಕಿತ್ತಳೆ ಸುಲಿಯುತ್ತ ಕೂತಿದ್ದವನು, ನಾವಿಬ್ಬರೂ ಬೇರೆಯಾಗುವುದು ಒಳ್ಳೆಯದು ಎಂದಿದ್ದ. ಸಿಪ್ಪೆ ಒಂದೇ ಉದ್ದದ ಸುರುಳಿಯಾಗಿ ಬರುತ್ತಿತ್ತು, ಅವನು ಅದರ ಕಡೆಗೇ ನೋಡುತ್ತಿದ್ದ. ಚಹಾ ಬೇಕೇ ಎಂದು ಯಾರಾದರೂ ಕೇಳಿದಾಗ ಹೇಳುವ ಹಾಗೆ, ಅವಳು ಆಗಲಿ ಎಂದುಬಿಟ್ಟಳು. ಜಗಳವಿರಲಿಲ್ಲ. ಇನ್ನೊಬ್ಬಳೂ ಇರಲಿಲ್ಲ, ಇದ್ದಿದ್ದರೆ ಬೈಯುವುದಕ್ಕಾದರೂ ಒಂದು ಹೆಸರು ಸಿಗುತ್ತಿತ್ತು. ಅದಕ್ಕೆ ಮೂರು ವರ್ಷ ಮೊದಲು, ಐದು ತಿಂಗಳು ತುಂಬಿದ ಹೊಟ್ಟೆ ಖಾಲಿಯಾದ ದಿನ, ಅವನು ಆಸ್ಪತ್ರೆಯಲ್ಲಿ ಬೇರೆ ಯಾರದೋ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನಿಂತಿದ್ದ. ಸುದ್ದಿ ಮುಟ್ಟಿ ಓಡಿಬಂದಾಗ ಅವಳು ಗೋಡೆಯ ಕಡೆ ತಿರುಗಿ, ನೀವು ಡಾಕ್ಟರಾಗಿ ನನಗೇನು ಬಂತು ಎಂದಿದ್ದಳು. ಇಷ್ಟೇ ಮಾತು. ಅವನು ಅದಕ್ಕೆ ಉತ್ತರ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ, ಉತ್ತರ ಹುಡುಕುತ್ತಲೇ ದೂರ ಹೋದವನಂತೆ ದಿನದಿನಕ್ಕೂ ಸ್ವಲ್ಪ ಸ್ವಲ್ಪ ದೂರವಾದ. ಕ್ಷಮಿಸಿ ಎನ್ನಲು ಅವಳಿಗೆ ಅವಕಾಶಗಳೆಷ್ಟೋ ಸಿಕ್ಕಿದ್ದವು. ಪ್ರತಿ ಸಲವೂ, ಇವತ್ತು ಬೇಡ, ಅವರು ದಣಿದಿದ್ದಾರೆ ಎಂದುಕೊಂಡಳು.

ಬೇರೆಯಾಗುವುದೆಂದರೆ ಫ್ಲ್ಯಾಟ್ ಮಾರಬೇಕು. ಎಂಬತ್ತೆಂಟರ ಬೇಸಿಗೆಯಲ್ಲಿ, ಊರಿಗೆ ಊರೇ ಮನೆ ಕೊಳ್ಳಲು ಓಡುತ್ತಿದ್ದಾಗ, ಇವರೂ ಓಡಿ ಕೊಂಡಿದ್ದರು. ಮರುವರ್ಷದಿಂದ ಬೆಲೆ ಇಳಿಯತೊಡಗಿ ಇಳಿಯುತ್ತಲೇ ಹೋಯಿತು. ಮಾರಿದರೆ ಬ್ಯಾಂಕಿನ ಸಾಲವೂ ತೀರುವಂತಿರಲಿಲ್ಲ. ಕೊಟ್ಟ ಬೆಲೆ ಮತ್ತೆ ಬರುವವರೆಗೆ ಕಾಯೋಣ, ಬಂದ ಮೇಲೆ ಮಾರಿ ಅವರವರ ದಾರಿ ಹಿಡಿಯೋಣ ಎಂದು ಮಾತಾಯಿತು. ಅವನು ಚಿಕ್ಕ ಕೋಣೆಗೆ ಹಾಸಿಗೆ ಹಾಕಿಕೊಂಡ. ಅಂದಿನಿಂದ ಪತ್ರಿಕೆಯಲ್ಲಿ ಮನೆಗಳ ಬೆಲೆ ಇನ್ನೂ ಕುಸಿಯಿತು ಎಂಬ ಸುದ್ದಿ ಬಂದಾಗಲೆಲ್ಲ ಮಾಳವಿಕಾಗೆ ಹಾಯೆನಿಸುತ್ತಿತ್ತು. ಈ ದೇಶದಲ್ಲಿ ಎಷ್ಟು ಮನೆಗಳು ಮುಳುಗುತ್ತಿದ್ದವು, ಎಷ್ಟು ಜನ ಕೀಲಿಕೈ ಬ್ಯಾಂಕಿಗೆ ಒಪ್ಪಿಸಿ ಹೋಗುತ್ತಿದ್ದರು. ಅವಳೊಬ್ಬಳು ಆ ಮುಳುಗುವ ದೋಣಿಯಲ್ಲಿ ಬೆಚ್ಚಗೆ ಕೂತಿದ್ದಳು. ಆದರೆ ಈ ವರ್ಷ ಯುಗಾದಿಯ ಸುಮಾರಿಗೆ ಅವನೇ ಹೇಳಿದ: ಆ ಬೆಲೆ ಇನ್ನು ಬರಲಾರದು, ಬಂದಷ್ಟಕ್ಕೆ ಕೊಟ್ಟುಬಿಡೋಣ, ನಷ್ಟವನ್ನು ಇಬ್ಬರೂ ಹಂಚಿಕೊಳ್ಳೋಣ. ಅವಳು ತಲೆಯಾಡಿಸಿದ್ದಳು.

ಅವಳ ಕೆಲಸವೇ ಇದು ಎನ್ನುವುದು ಅವಳಿಗೆ ನಗು ಬರಿಸುವ ವಿಷಯವಾಗಿ ಉಳಿದಿರಲಿಲ್ಲ. ಅಕ್ಸ್‌ಬ್ರಿಡ್ಜ್‌ನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹೆಲೆನ್ ಎಂಬಾಕೆಯ ಕೈಕೆಳಗೆ ಅವಳು ಸಂಶೋಧನಾ ಸಹಾಯಕಿ. ಬೆಲೆ ಬಿದ್ದ ಮೇಲೆ ಜನ ಮನೆಯನ್ನು ಮಾರದೆ ಯಾಕೆ ಕೂರುತ್ತಾರೆ ಎನ್ನುವುದು ಅವರ ಪ್ರಶ್ನೆ. ಷೇರು ಕೊಂಡವರೂ ಹಾಗೆಯೇ, ಏರಿದ್ದನ್ನು ಅವಸರದಲ್ಲಿ ಮಾರುತ್ತಾರೆ, ಇಳಿದದ್ದನ್ನು ಅಪ್ಪಿಕೊಂಡು ಕೂರುತ್ತಾರೆ; ಸಿಕ್ಕಿದ್ದರ ಸಂತೋಷಕ್ಕಿಂತ ಹೋದದ್ದರ ನೋವು ದೊಡ್ಡದು. ಮನುಷ್ಯ ಲೆಕ್ಕ ಹಾಕಿಯೇ ಹೆಜ್ಜೆಯಿಡುತ್ತಾನೆ ಎಂದು ನಂಬಿದ್ದ ಪಕ್ಕದ ಅರ್ಥಶಾಸ್ತ್ರ ವಿಭಾಗದವರು ಮೊದಮೊದಲು ನಗುತ್ತಿದ್ದರು. ಇದನ್ನು ತಿಳಿಯಲು ಸಂಶೋಧನೆ ಯಾಕೆ, ನನ್ನ ಅತ್ತೆಯನ್ನು ಕೇಳಿದ್ದರೆ ಸಾಕಿತ್ತು ಎಂದು ಒಬ್ಬ ಚಹಾದ ಹೊತ್ತಿಗೆ ಹೇಳಿದ್ದ. ವರ್ಷವರ್ಷಕ್ಕೆ ನಗುವವರು ಕಡಿಮೆಯಾದರು; ಅಮೆರಿಕದಿಂದ ಒಂದಾದ ಮೇಲೊಂದು ಪ್ರಬಂಧಗಳು ಬರುತ್ತಿದ್ದವು, ಲಂಡನ್ನಿನ ಒಂದು ಸಮ್ಮೇಳನದಲ್ಲಿ ಜಾಗವಿಲ್ಲದೆ ಜನ ಗೋಡೆಗೊರಗಿ ನಿಂತು ಕೇಳಿದ್ದರು. ಮಾಳವಿಕಾ ಟೇಪ್ ರೆಕಾರ್ಡರ್ ಹಿಡಿದು ನಾರ್ಥೋಲ್ಟ್, ಹೇಯ್ಸ್, ರೈಸ್ಲಿಪ್‌ಗಳ ಮನೆಮನೆಗೆ ಹೋಗಿ, ಅಪರಿಚಿತರ ಸೋಫಾದ ತುದಿಯಲ್ಲಿ ಕೂತು, ನೀವು ಯಾಕೆ ಮಾರಲಿಲ್ಲ ಎಂದು ಕೇಳುತ್ತಿದ್ದಳು. ನಾರ್ಥೋಲ್ಟ್‌ನ ಪ್ರಿಚರ್ಡ್ ಎಂಬವನ ಹೆಂಡತಿ ಬಿಟ್ಟುಹೋಗಿ ಬಹಳ ದಿನವಾಗಿತ್ತು. ಮನೆ ಕೇಳಿ ಬಂದವರನ್ನೆಲ್ಲ ವಾಪಸು ಕಳಿಸಿದ್ದ. ಮಾರದೆ ಇರುವವರೆಗೂ ನಾನೇನನ್ನೂ ಕಳೆದುಕೊಂಡಿಲ್ಲವಲ್ಲ ಎಂದು, ಅವಳು ಒಪ್ಪಬೇಕೆಂಬಂತೆ, ಅವಳ ಮುಖವನ್ನೇ ನೋಡಿದ್ದ. ಹೆಲೆನ್ ಟೇಪಿನ ಆ ಜಾಗವನ್ನು ಹಿಂದೆ ತಿರುಗಿಸಿ ತಿರುಗಿಸಿ ಕೇಳಿ, ಚಿನ್ನದಂಥ ಮಾತು ಎಂದು ಖುಷಿಯಿಂದ ನಕ್ಕಳು. ಮಾಳವಿಕಾಳೂ ನಕ್ಕಳು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ನಗು ಬಾಯಲ್ಲಿ ಕಹಿಯಾಗಿ ಉಳಿದಿತ್ತು. ಸಂದರ್ಶನದ ಕೊನೆಗೆ ಎಲ್ಲರಿಗೂ ಕೇಳುವ ಒಂದು ಪ್ರಶ್ನೆಯಿತ್ತು: ಈ ಮನೆ ನಿಮ್ಮದಾಗಿರದಿದ್ದರೆ, ಇವತ್ತು, ಇವತ್ತಿನ ಬೆಲೆಗೆ, ಇದನ್ನು ಕೊಳ್ಳುತ್ತಿದ್ದಿರಾ? ಹೆಚ್ಚಿನವರು ಸ್ವಲ್ಪವೂ ಯೋಚಿಸದೆ ಇಲ್ಲ ಎನ್ನುತ್ತಿದ್ದರು. ಎಂದ ಮೇಲೆ ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದರು.

ಮನಸ್ಸಿನ ಇನ್ನೊಂದು ಚಾಳಿಯ ಬಗ್ಗೆ ಅವಳು ವಿದ್ಯಾರ್ಥಿಗಳಿಗೆ ಪಾಠವನ್ನೇ ಹೇಳುತ್ತಿದ್ದಳು. ಒಮ್ಮೆ ಒಂದು ಮಾತನ್ನು ನಂಬಿದೆವೋ, ಅದಕ್ಕೆ ಒಪ್ಪುವ ಸಂಗತಿಗಳೇ ಕಣ್ಣಿಗೆ ಬೀಳುತ್ತ ಹೋಗುತ್ತವೆ, ಒಪ್ಪದವು ಎದುರಿಗಿದ್ದರೂ ಕಾಣವು. ಬೋರ್ಡಿನ ಮೇಲೆ ಇದನ್ನು ಬರೆದು ಕೈಯ ಸೀಮೆಸುಣ್ಣ ಒರೆಸಿಕೊಂಡು ಮನೆಗೆ ಬಂದರೆ, ಸತ್ಯಪ್ರಕಾಶ ಸ್ನಾನದ ಮನೆಯ ಸೋರುವ ನಲ್ಲಿಗೆ ಹೊಸ ವಾಷರ್ ಹಾಕುತ್ತ ಕೂತಿರುತ್ತಿದ್ದ. ಬಿಟ್ಟುಹೋಗುವವನು ನಲ್ಲಿ ರಿಪೇರಿ ಮಾಡುತ್ತಾನೆಯೇ? ಹಾಲಿನ ಗೋಡೆಗೆ ಬಣ್ಣ ಬಳಿದ. ಮಾರುವ ಮನೆಗೆ ಬಣ್ಣ ಬಳಿಯಲೇಬೇಕು ಎನ್ನುವುದು ಅವಳಿಗೆ ಗೊತ್ತಿತ್ತು, ಆದರೂ ಬಣ್ಣ ಯಾವುದಿರಲಿ ಎಂದು ಅವಳನ್ನು ಕೇಳಿದ್ದನಲ್ಲ. ಊರ ಕಡೆಯ ತರಕಾರಿ ಸಿಗುವ ಸೌತ್‌ಹಾಲ್‌ಗೆ ಹೋದಾಗ ಅವಳು ಹೇಳದಿದ್ದರೂ ಎಳೆ ಬದನೆಕಾಯಿ ತಂದ. ಅವಳಿಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟ, ಹಣೆ ಮುಟ್ಟಿ ನೋಡಿದ. ಇವೆಲ್ಲಕ್ಕಿಂತ ದೊಡ್ಡದು ಲೀಡ್ಸ್. ದೂರದ ಉತ್ತರದ ಆ ಊರಿನ ಆಸ್ಪತ್ರೆಯೊಂದರಲ್ಲಿ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ಡಾಕ್ಟರ, ಹುದ್ದೆಗೆ ಜೂನ್‌ನಲ್ಲಿ ಇಂಟರ್‌ವ್ಯೂ ಇತ್ತು. ಎಷ್ಟೋ ವರ್ಷದಿಂದ ಅದರ ಕೆಳಗಿನ ರಿಜಿಸ್ಟ್ರಾರ್ ದರ್ಜೆಯಲ್ಲೇ ಉಳಿದಿದ್ದವನು, ತನ್ನ ಕೆಳಗೆ ಕಲಿತ ಹುಡುಗರು ತನ್ನ ಮೇಲೆ ಹೋಗುವುದನ್ನು ನೋಡಿದವನು. ಬೆಳಿಗ್ಗೆ ಸೂಟು ಹಾಕಿಕೊಂಡು ಹೋಗಿ, ಮರುದಿನ ಮಧ್ಯಾಹ್ನ ವಾಪಸು ಬಂದು, ಟೈ ಬಿಚ್ಚುತ್ತ, ಬೇಡ ಎಂದುಬಿಟ್ಟೆ, ಊರು ಸರಿಹೋಗಲಿಲ್ಲ ಎಂದ. ಅವಳ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಅವನಿಗೆ ಕೇಳಿಸೀತು ಎಂದು ಅಡುಗೆಮನೆಗೆ ಓಡಿದಳು. ಲಂಡನ್ ಬಿಡಲಿಲ್ಲ, ನನ್ನನ್ನು ಬಿಡಲಾಗಲಿಲ್ಲ. ಅವತ್ತು ಸಂಜೆಗೆ ಹೋಳಿಗೆ ಮಾಡಿದಳು. ಏನು ವಿಶೇಷ ಎಂದು ಅವನು ಕೇಳಲಿಲ್ಲ. ತಲೆ ಬಗ್ಗಿಸಿ, ತುಪ್ಪ ಹಾಕಿಸಿಕೊಂಡು, ಬಡಿಸಿದಷ್ಟನ್ನೂ ತಿಂದ.

ಹೀಗೆ ಬಲ ಬಂದಿದ್ದರಿಂದಲೇ ಅವಳು ಸುಳ್ಳು ಹೇಳಿದ್ದು. ಮೊದಲ ಸುಳ್ಳು ಲೀಡ್ಸ್‌ಗೂ ಮುಂಚೆ, ಮೇ ತಿಂಗಳಲ್ಲೇ ಆಗಿತ್ತು. ಕೀತ್ ಫೋನ್ ಮಾಡಿ, ಗಂಡಹೆಂಡಿರ ಒಂದು ಜೋಡಿ ನಿಮ್ಮ ಫ್ಲ್ಯಾಟನ್ನು ಕೇಳುತ್ತಿದೆ, ಕಡಿಮೆಗೇ ಕೇಳುತ್ತಿದೆ, ಆದರೂ ಈ ಕಾಲಕ್ಕೆ ಕೆಟ್ಟದ್ದಲ್ಲ ಎಂದ. ಅವಳು, ನಾವು ಒಪ್ಪುವುದಿಲ್ಲ, ನನ್ನ ಯಜಮಾನರೂ ಒಪ್ಪುವುದಿಲ್ಲ ಎಂದಳು. ಬಾಯಿಂದ ಬಂದದ್ದು ಅವಳೇ ದಿನವೂ ಟೇಪಿನಲ್ಲಿ ಕೇಳುವ ಧ್ವನಿಯಾಗಿತ್ತು, ಹಟದ್ದು, ಸ್ವಲ್ಪ ಮುನಿಸಿನದ್ದು. ಸೆಪ್ಟೆಂಬರ್‌ನಲ್ಲಿ ಅದೇ ಜೋಡಿ ಇನ್ನಷ್ಟು ಏರಿಸಿ ಕೇಳಿತು. ಆಗ ಲೀಡ್ಸ್ ಅವಳ ಬೆನ್ನಿಗಿತ್ತು. ಇನ್ನೂ ಸಲೀಸಾಗಿ ಇಲ್ಲ ಎಂದಳು. ಸತ್ಯಪ್ರಕಾಶ ಊಟದ ಹೊತ್ತಿಗೆ ಕೀತ್ ಏನಾದರೂ ಫೋನ್ ಮಾಡಿದ್ದನೇ ಎಂದು ಕೇಳಿದಾಗ, ಯಾರೂ ಕೇಳುತ್ತಲೇ ಇಲ್ಲವಂತೆ ಎಂದು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡಳು. ಅದೇ ತಿಂಗಳು ಈಲಿಂಗ್‌ನ ಹಾಲ್ ಒಂದರಲ್ಲಿ ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ಸೇರಿದ್ದಾಗ, ಇನ್ನೊಬ್ಬ ಡಾಕ್ಟರ ಹೆಂಡತಿ ರಜನಿ ತಟ್ಟೆ ಹಿಡಿದು ಬಂದು, ಫ್ಲ್ಯಾಟ್ ಮಾರಿ ದೊಡ್ಡ ಮನೆಗೆ ಹೋಗ್ತಿದೀರಂತೆ, ಗಾರ್ಡನ್ ಇರೋದೇ ನೋಡಿ ಎಂದಿದ್ದಳು. ಮಾಳವಿಕಾ ನಗುತ್ತ, ನೋಡ್ತಾ ಇದೀವಿ ಎಂದಳು. ಆಚೆ ಗಂಡಸರ ನಡುವೆ ಸತ್ಯಪ್ರಕಾಶ ಬೆಂಗಳೂರು ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದ. ಧಾರವಾಡದವನಾದರೂ ಇಂಥ ಕೂಟಗಳಲ್ಲಿ ಅವನು ಮಾತಾಡುವುದು ಹಾಗೆಯೇ, ಅತಿಥಿಯ ಹಾಗೆ. ಮನೆಗೆ ಬಂದು ಬಾಗಿಲು ಹಾಕಿದೊಡನೆ ಅವನ ಊರಿನ ಮಾತು ಶುರುವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಮೈಸೂರಿನ ಮಾಳವಿಕಾ ಅದನ್ನು ಅಣಕಿಸಿ, ಅಣಕಿಸುತ್ತಲೇ ಪ್ರೀತಿಸಲು ಕಲಿತಿದ್ದಳು. ಆ ಕಿತ್ತಳೆಯ ಭಾನುವಾರದಿಂದ ಅವನು ಅವಳ ಜೊತೆಗೂ ಸಭೆಯ ಕನ್ನಡವನ್ನೇ ಆಡುತ್ತಿದ್ದ.

ಗಂಟೆ ಒತ್ತಿದ ಸದ್ದಾಯಿತು. ಸತ್ಯಪ್ರಕಾಶ ಬಾಗಿಲು ತೆರೆದ. ಕೀತ್‌ನ ಹಿಂದೆ ಬಂದವರನ್ನು ಕಂಡು ಮಾಳವಿಕಾಳ ಕೈ ಸೆರಗಿನಂತೆ ಹೊದ್ದಿದ್ದ ಶಾಲನ್ನು ಬಿಗಿಯಾಗಿ ಹಿಡಿಯಿತು. ಅದೇ ಜೋಡಿ. ಮೊದಲೆರಡು ಸಲ ಅವರು ಬಂದಾಗ ಸತ್ಯಪ್ರಕಾಶ ಡ್ಯೂಟಿಯಲ್ಲಿದ್ದ. ಆ ಹೆಂಗಸಿಗೆ ಈಗ ಹೊಟ್ಟೆ ಎದ್ದು ಕಾಣುತ್ತಿತ್ತು, ಐದೋ ಆರೋ ತಿಂಗಳು, ಕೋಟಿನ ನಡುವಿನ ಗುಂಡಿ ಹಾಕಲಾಗಿರಲಿಲ್ಲ. ಅವಳು ಹೊಸ್ತಿಲಲ್ಲೇ ನಿಂತು ಉಸಿರೆಳೆದಳು. ಈಗ ಮೂಗು ಮುಚ್ಚುತ್ತಾಳೆ ಎಂದುಕೊಂಡರೆ, ಕಣ್ಣರಳಿಸಿ, ಇದೇನು ಇಷ್ಟು ಒಳ್ಳೆಯ ವಾಸನೆ ಎಂದಳು. ಬೆಳಿಗ್ಗೆಯಿಂದ ಏನೂ ಸೇರಿರಲಿಲ್ಲವಂತೆ, ಈಗ ಹಸಿವಾಗುತ್ತಿದೆಯಂತೆ. ಅವಳ ಗಂಡ ನಾಚಿಕೊಂಡು, ಈಗೀಗ ಇವಳು ಹೀಗೆಯೇ ಎಂದ. ಮಾಳವಿಕಾಗೆ ಏನು ಮಾಡಬೇಕೆಂದು ತೋಚಲಿಲ್ಲ. ಬಸುರಿ ಹೆಂಗಸು ಮನೆಗೆ ಬಂದು ವಾಸನೆ ಹಿಡಿದು ಹಸಿವು ಎಂದರೆ ಕೊಡದಿರುವುದು ಹೇಗೆ? ಸ್ಟೀಲ್ ಲೋಟದಲ್ಲಿ ಸಾರು ಬಗ್ಗಿಸಿಕೊಟ್ಟಳು. ಆ ಹೆಂಗಸು ಅಡುಗೆಮನೆಯ ಕಟ್ಟೆಗೆ ಸೊಂಟ ಆನಿಸಿ, ಬಿಸಿ ಲೋಟವನ್ನು ಕೋಟಿನ ತೋಳಿನಿಂದ ಹಿಡಿದು, ಊದಿ ಊದಿ ಕುಡಿದಳು, ಮೂಗಿನ ತುದಿ ಕೆಂಪಗಾಗಿ ಕಣ್ಣಲ್ಲಿ ನೀರು ಬಂತು, ಆದರೂ ಪೂರ್ತಿ ಕುಡಿದಳು. ಅದನ್ನು ನೋಡುತ್ತ ನಿಂತಿದ್ದಷ್ಟು ಹೊತ್ತು ಮಾಳವಿಕಾ ಎಲ್ಲವನ್ನೂ ಮರೆತಿದ್ದಳು. ಇನ್ನೊಂದಿಷ್ಟು ಹಾಕಲೇ ಎಂದೂ ಕೇಳಿದಳು. ಆಮೇಲೆ ಅವರು ಚಿಕ್ಕ ಕೋಣೆಗೆ ಹೋಗಿ, ಸತ್ಯಪ್ರಕಾಶನ ಹಾಸಿಗೆಯ ಪಕ್ಕ ನಿಂತು, ತೊಟ್ಟಿಲು ಕಿಟಕಿಯ ಕಡೆಗೋ ಗೋಡೆಯ ಕಡೆಗೋ ಎಂದು ಮೆಲುದನಿಯಲ್ಲಿ ಮಾತಾಡಿಕೊಂಡದ್ದು ಹಾಲಿಗೆ ಕೇಳಿಸಿತು.

ಕೀತ್ ಅದನ್ನು ಕೇಳಿ ಧೈರ್ಯ ತಂದುಕೊಂಡವನಂತೆ ಸತ್ಯಪ್ರಕಾಶನ ಕಡೆ ತಿರುಗಿದ. ಡಾಕ್ಟರ್, ಇವರಿಗೆ ಈ ಫ್ಲ್ಯಾಟ್ ಮೇಲೆ ಮನಸ್ಸಾಗಿಬಿಟ್ಟಿದೆ. ಮೇ ತಿಂಗಳಲ್ಲಿ ಬೇಡವೆಂದಿರಿ, ಸೆಪ್ಟೆಂಬರ್‌ನಲ್ಲೂ ಬೇಡವೆಂದಿರಿ. ಸೆಪ್ಟೆಂಬರ್‌ನ ಬೆಲೆಗೇ ಇವತ್ತೂ ಸಿದ್ಧರಿದ್ದಾರೆ, ಇದಕ್ಕಿಂತ ಹೆಚ್ಚು ಎಲ್ಲಿಂದ ತಂದಾರು ಎಂದ. ಮಾಳವಿಕಾ ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಹೂವರ್‌ನ ಸುತ್ತಿಟ್ಟ ವಯರಿನ ಕಡೆ ನೋಡಿದಳು. ಸತ್ಯಪ್ರಕಾಶ ಬೆಚ್ಚಿಬೀಳಲಿಲ್ಲ. ಯಾವ ಆಫರ್ ಎಂದು ಕೇಳಲಿಲ್ಲ. ರೋಗಿಯ ಮನೆಯವರ ಜೊತೆ ಮಾತಾಡುವ ಸಮಾಧಾನದ ಇಂಗ್ಲಿಷಿನಲ್ಲಿ, ಹೌದು, ನಾನೂ ನನ್ನ ಹೆಂಡತಿಯೂ ಆಗ ಮಾತಾಡಿದ್ದೆವು, ಆಗ ನಾವು ತಯಾರಿರಲಿಲ್ಲ, ಮಧ್ಯಾಹ್ನದೊಳಗೆ ಫೋನ್ ಮಾಡುತ್ತೇವೆ ಎಂದ. ಅವರನ್ನು ಕೆಳಗಿನ ಬಾಗಿಲವರೆಗೂ ಕಳಿಸಿಬಂದ. ಅಷ್ಟರಲ್ಲಿ ಅವಳ ಭಯವೆಲ್ಲ ಇನ್ನೇನೋ ಆಗಿ ತಿರುಗಿತ್ತು. ಬಿಟ್ಟುಕೊಡಲಿಲ್ಲ. ಪರರ ಎದುರಿಗೆ ನನ್ನನ್ನು ಬಿಟ್ಟುಕೊಡಲಿಲ್ಲ. ನಾನೂ ನನ್ನ ಹೆಂಡತಿಯೂ ಎಂದ. ಅಡುಗೆಮನೆಯಲ್ಲಿ ನಿಂತು ಆ ಹೆಂಗಸು ಕುಡಿದಿಟ್ಟ ಲೋಟವನ್ನು ಸುಮ್ಮನೆ ಕೈಯಲ್ಲಿ ತಿರುಗಿಸುತ್ತಿದ್ದಳು, ಅವನು ಒಳಗೆ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡು ತೊಳೆಯತೊಡಗಿದ.

"ನಿಮಗೆ ಗೊತ್ತಿತ್ತಾ?" ಎಂದಳು.

"ಮೇ ತಿಂಗಳದಾಗನ ಗೊತ್ತಾತು. ನೀ ಬ್ಯಾಡಂದ ಮ್ಯಾಲೆ ಕೀತ್ ವಾರ್ಡಿಗೆ ಫೋನ್ ಮಾಡಿದ್ದ, ಇನ್ನೊಮ್ಮೆ ವಿಚಾರ ಮಾಡ್ರಿ ಅಂತ."

ಅವಳಿಗೆ ಮೊದಲು ಕೇಳಿಸಿದ್ದು ಮಾತಲ್ಲ, ಆ ಮಾತಿನ ಊರು. ಒಂದೂವರೆ ವರ್ಷದ ಮೇಲೆ ಅವನು ಧಾರವಾಡದ ಕನ್ನಡದಲ್ಲಿ ಮಾತಾಡಿದ್ದ. ಇನ್ನೇನು, ಎಲ್ಲ ಸರಿಹೋಯಿತು, ಇನ್ನು ಕೇಳುವುದೊಂದೇ ಬಾಕಿ ಎನಿಸಿತು.

"ಮತ್ತೆ ನೀವೇ ಆಗ್ಲಿ ಅನ್ನಬಹುದಿತ್ತಲ್ಲ. ಯಾಕೆ ಸುಮ್ನಿದ್ರಿ?"

ಅವನು ನಲ್ಲಿ ನಿಲ್ಲಿಸಿ ಲೋಟ ಬೋರಲು ಹಾಕಿದ. "ನಿನಗ ಇನ್ನೂ ಸ್ವಲ್ಪ ದಿನಾ ಬೇಕು ಅನ್ನಿಸ್ತು. ನೀ ತಯಾರ್ ಆಗೋತನಕ ತಡದ್ರಾತು ಅಂದ್ಕೊಂಡೆ. ನನ್ನ ಕಡಿಂದ ಅಷ್ಟರ ಆಗ್ಬೇಕಲ್ಲ."

ಹೀಗೆ ಮಾತಾಡುವುದನ್ನು ಅವಳು ಮೊದಲೂ ಕೇಳಿದ್ದಳು. ಊರಿಂದ ಮಕ್ಕಳ ಮನೆಗೆ ಬಂದು ಕಾಯಿಲೆ ಬಿದ್ದ ಮುದುಕರಿಗೆ ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳಬೇಕಾದಾಗ ಅವನು ಇದೇ ಭಾಷೆಗೆ ಇಳಿಯುತ್ತಿದ್ದ, ಇದೇ ದನಿಯಲ್ಲಿ, ಅವಸರವಿಲ್ಲದೆ. ನಲ್ಲಿಯ ವಾಷರ್, ಬದನೆಕಾಯಿ, ಹಣೆ ಮುಟ್ಟಿ ನೋಡಿದ ಕೈ, ಎಲ್ಲ ಒಂದೊಂದಾಗಿ ಅವಳ ಕಣ್ಣೆದುರೇ ಬೇರೆಯಾಗುತ್ತ ಹೋದವು. ಇದ್ದದ್ದು ಇದ್ದಲ್ಲೇ ಇತ್ತು, ಅವಳು ಕೊಟ್ಟ ಹೆಸರು ಮಾತ್ರ ಉದುರಿಬಿತ್ತು. ಕರುಣೆ. ಇಷ್ಟು ದಿನ ಕರುಣೆಯ ಜೊತೆ ಸಂಸಾರ ಮಾಡಿದ್ದಳು. ಆದರೂ ಒಂದು ಉಳಿದಿತ್ತು, ಅದನ್ನು ಕೇಳದಿದ್ದರೆ ಅದು ಉಳಿದೇ ಇರುತ್ತಿತ್ತು.

"ಲೀಡ್ಸ್ ಬೇಡ ಅಂದಿದ್ದೂ ಇದಕ್ಕೇನಾ?"

ಅವನು ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡ. ಎದುರು ಮನೆಯವನ ಕಾರು ಕೊನೆಗೂ ಶುರುವಾಗಿ ಗುರುಗುಟ್ಟುತ್ತಿತ್ತು.

"ಲೀಡ್ಸ್‌ನವರ ನನ್ನ ತಗೊಳ್ಳಲಿಲ್ಲ ಮಾಳವಿಕಾ. ನೆಟ್ಟಗ ಮುಖಾ ಸೈತ ನೋಡ್ಲಿಲ್ಲ. ನಾನ ಬ್ಯಾಡಂದೆ ಅಂತ ನಿನಗ ಹೇಳಿದ್ದು ಸ್ವಲ್ಪ ಮರ್ಯಾದಿ ಉಳೀಲಿ ಅಂತ."

"ಅವತ್ತು ನಾನು ಹೋಳಿಗೆ..." ಎಂದಳು.

"ಹೋಳಿಗಿ ಛಲೋ ಆಗಿತ್ತು," ಎಂದ.

ಟೈ ಬಿಚ್ಚುತ್ತ ನಿಂತಿದ್ದ ಆ ಮುಖವನ್ನು ಅವಳು ಈಗ ನೆನಪಿಸಿಕೊಳ್ಳಲು ಒದ್ದಾಡಿದಳು. ಬಾಗಿಲು ನೆನಪಾಯಿತು, ಸೂಟಿನ ಬಣ್ಣ ನೆನಪಾಯಿತು, ತನ್ನ ಎದೆಬಡಿತ ನೆನಪಾಯಿತು, ಮುಖ ನೆನಪಾಗಲಿಲ್ಲ. ನೋಡಿರಲೇ ಇಲ್ಲ. ಸೋತು ಬಂದ ಮನುಷ್ಯನಿಗೆ ಬೇಳೆ ಬೇಯಿಸಿ, ಹೂರಣ ರುಬ್ಬಿ, ತುಪ್ಪ ಹಾಕಿ ಹಬ್ಬದಡುಗೆ ಬಡಿಸಿದ್ದಳು, ಅವನು ತುತ್ತು ತುತ್ತಾಗಿ ಅದನ್ನೂ ನುಂಗಿದ್ದ. ತನಗಾದ ನಷ್ಟಕ್ಕಿಂತ ಈ ನೋವು ದೊಡ್ಡದಾಗಿ, ಇದಕ್ಕೆ ತಾನು ಓದಿದ ಯಾವ ಪ್ರಬಂಧದಲ್ಲೂ ಹೆಸರಿಲ್ಲದೆ, ಅವಳನ್ನು ಅಲ್ಲೇ ನಿಲ್ಲಿಸಿತು. ಅವನ ತೋಳಿನ ಮೇಲೆ ಕೈಯಿಟ್ಟಳು. ಅವನು ತೆಗೆಯಲಿಲ್ಲ. ಅವಳು ತಾನಾಗಿ ತೆಗೆಯುವವರೆಗೆ ಕಾದ.

ಹಾಲಿಗೆ ಹೋಗಿ ಅವಳೇ ಕೀತ್‌ಗೆ ಫೋನ್ ಮಾಡಿದಳು. ಸೆಪ್ಟೆಂಬರ್‌ನ ಬೆಲೆಗೆ ಒಪ್ಪಿದ್ದೇವೆ ಎಂದಳು. ಅವನು ಸಂತೋಷದಿಂದ, ಅವರು ಇನ್ನೂ ಇಲ್ಲೇ ಆಫೀಸಿನಲ್ಲಿದ್ದಾರೆ ಎಂದು ಹೇಳಿ, ರಿಸೀವರಿಗೆ ಕೈ ಅಡ್ಡಹಿಡಿದು ತಿಳಿಸಿದ. ಆ ಹೆಂಗಸು ಏನೋ ಜೋರಾಗಿ ಅಂದದ್ದು, ಯಾರೋ ನಕ್ಕದ್ದು ಕೈಯ ಅಡ್ಡದಿಂದಲೂ ಕೇಳಿಸಿತು. ಫೋನ್ ಇಟ್ಟು ತಿರುಗಿದರೆ ಸತ್ಯಪ್ರಕಾಶ ಬಾಗಿಲಲ್ಲಿ ನಿಂತಿದ್ದ. ಊಟ ಮಾಡೋಣವೇ ಎಂದ, ಸಭೆಯ ಕನ್ನಡದಲ್ಲಿ. ಇಬ್ಬರೂ ಕೂತು ಸಾರನ್ನ ಉಂಡರು. ಇಂಗು ಗಂಟಲಿಗೆ ಹತ್ತುವಷ್ಟು ಹೆಚ್ಚಾಗಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ.

ಕಾಗದಪತ್ರವೆಲ್ಲ ಮುಗಿಯುವ ಹೊತ್ತಿಗೆ ಜನವರಿ ಬಂತು. ಅವಳಿಗೆ ಅಕ್ಸ್‌ಬ್ರಿಡ್ಜ್‌ನಲ್ಲಿ ವಿಶ್ವವಿದ್ಯಾಲಯದ ಹತ್ತಿರವೇ ಒಂದು ಕೋಣೆ ಸಿಕ್ಕಿತು. ಅವನು ಪೂರ್ವ ಲಂಡನ್ನಿನ ಆಸ್ಪತ್ರೆಯೊಂದಕ್ಕೆ, ಅದೇ ದರ್ಜೆಯ ಕೆಲಸಕ್ಕೆ, ಸೇರಿಕೊಂಡು ಸ್ಟ್ರಾಟ್‌ಫರ್ಡ್‌ನಲ್ಲಿ ಮನೆ ಹಿಡಿದ. ದೊಡ್ಡ ಸಾಮಾನುಗಳು ಮೊದಲೇ ಹೋಗಿದ್ದವು. ಕೊನೆಯ ದಿನ ಬೆಳಿಗ್ಗೆ ಕೀಲಿಕೈಗಳನ್ನು ಕೀತ್‌ನ ಆಫೀಸಿಗೆ ಕೊಟ್ಟು, ಕೈಚೀಲಗಳನ್ನು ಹಿಡಿದು ಇಬ್ಬರೂ ಗ್ರೀನ್‌ಫರ್ಡ್ ಸ್ಟೇಷನ್ನಿಗೆ ನಡೆದರು. ಅಲ್ಲಿ ಟ್ಯೂಬ್ ರೈಲು ಹಿಡಿಯಲು ನೆಲದಡಿಗೆ ಇಳಿಯಬೇಕಿಲ್ಲ, ಮರದ ಮೆಟ್ಟಿಲ ಎಸ್ಕಲೇಟರ್ ಮೇಲಕ್ಕೆ ಹೋಗುತ್ತದೆ. ಅವನು ಮುಂದೆ, ಅವಳು ಹಿಂದೆ ನಿಂತರು. ಅಲ್ಲಿರುವುದು ಒಂದೇ ಪ್ಲಾಟ್‌ಫಾರ್ಮು. ಒಂದು ಕಡೆಗೆ ಪೂರ್ವಕ್ಕೆ ಹೋಗುವ ಗಾಡಿ, ಇನ್ನೊಂದು ಕಡೆಗೆ ಪಶ್ಚಿಮದ್ದು. ಚಳಿಗಾಳಿಗೆ ಬೆನ್ನು ಕೊಟ್ಟು ಇಬ್ಬರೂ ನಡುವಿನ ಬೆಂಚಿನ ಹತ್ತಿರ ನಿಂತರು. ಅವಳು ಆ ದಿನ ಗೋಡೆಯ ಕಡೆ ತಿರುಗಿ ಆಡಿದ ಮಾತಿಗೆ ಕ್ಷಮಿಸಿ ಎಂದಳು. ಇಷ್ಟು ವರ್ಷ ಹೊತ್ತದ್ದು ಬಾಯಿಂದ ಬರುವಾಗ ಅಷ್ಟು ಚಿಕ್ಕದಾಗಿತ್ತು. ಯಾವ ಮಾತು ಎಂದು ಅವನು ಕೇಳಲಿಲ್ಲ. ಅದರಲ್ಲಿ ತಪ್ಪೇನಿರಲಿಲ್ಲ ಎಂದು ಮಾತ್ರ ಹೇಳಿ ಅವಳ ಚೀಲದ ಜಾರಿದ ಪಟ್ಟಿಯನ್ನು ಭುಜಕ್ಕೆ ಏರಿಸಿದ.

ಅವನ ಗಾಡಿ ಮೊದಲು ಬಂತು. ಬಾಗಿಲುಗಳು ತೆರೆದವು, ಜನ ಇಳಿದರು, ಅವನು ಹತ್ತಲಿಲ್ಲ. ಬಾಗಿಲುಗಳು ಮುಚ್ಚಿಕೊಂಡು ಗಾಡಿ ಹೊರಟುಹೋಯಿತು. ಇದರಲ್ಲಿ ಏನೂ ಇಲ್ಲವೆಂದು ಮಾಳವಿಕಾಗೆ ಗೊತ್ತಿತ್ತು. ಯಾಕೆ ಏನೂ ಇಲ್ಲವೆಂದು ಒಂದು ತರಗತಿಗೆ ನಿಂತು ವಿವರಿಸಬಲ್ಲವಳಾಗಿದ್ದಳು. ಗೊತ್ತಿದ್ದೂ ಎದೆ ಬಡಿದುಕೊಂಡಿತು. ನಿನ್ನನ್ನು ಹತ್ತಿಸಿ ಹೋಗುತ್ತೇನೆ, ನನಗೆ ಇನ್ನೊಂದು ಬರುತ್ತದೆ ಎಂದು ಅವನು ಹೇಳಿದ. ಅವಳ ಗಾಡಿ ಬಂದಾಗ ಚೀಲಗಳನ್ನು ಎತ್ತಿ ಒಳಗಿಟ್ಟು ಇಳಿದ. ಬಾಗಿಲು ಮುಚ್ಚಿತು. ನೋಡಬಾರದೆಂದುಕೊಂಡಳು, ಆದರೂ ಗಾಡಿ ಅಲುಗಾಡಿ ಮುಂದೆ ಸರಿಯುವಾಗ ತಿರುಗಿ ನೋಡಿದಳು. ಅವನು ಇವಳಿಗೆ ಬೆನ್ನು ಮಾಡಿ, ಪ್ಲಾಟ್‌ಫಾರ್ಮಿನ ಇನ್ನೊಂದು ಅಂಚಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ತನ್ನ ಗಾಡಿ ಕಾಣುತ್ತದೆಯೇ ಎಂದು ದೂರಕ್ಕೆ ನೋಡುತ್ತಿದ್ದ. ಡಬ್ಬಿಯಲ್ಲಿ ಎಲ್ಲ ಸೀಟುಗಳೂ ಖಾಲಿ ಇದ್ದವು. ನಾರ್ಥೋಲ್ಟ್ ದಾಟುವವರೆಗೂ ಅವಳು ಕಂಬ ಹಿಡಿದುಕೊಂಡು ನಿಂತೇ ಇದ್ದಳು.